ನೂಲಿಗೂ ಗಂಜಿ, ನೇಕಾರನಿಗೂ ಗಂಜಿ

ಕೊಯಮತ್ತೂರಿನಿಂದ ಅವಿನಾಶಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿನ ಕರುಮತ್ತಂಪಟ್ಟಿ ಮತ್ತು ಅದರ ನೆರೆಯ ಸೋಮನೂರು, ಪಿಷ್ಟವನ್ನು ಎರಡು ಬಾಯಿಗಳಿಂದ ಉಣ್ಣುವ ಊರುಗಳು. ಒಂದು ಬಾಯಿ ಮನುಷ್ಯನದು, ಇನ್ನೊಂದು ಮಗ್ಗದ್ದು. ಬಟ್ಟೆಯ ಉದ್ದಕ್ಕೂ ಬಿಗಿಯಾಗಿ ನಿಲ್ಲುವ ಹಾಸಿನ ಎಳೆ ಬರಿಮೈಯಲ್ಲಿ ಮಗ್ಗವೇರಿದರೆ ಲಾಳಿಯ ಓಡಾಟಕ್ಕೂ ಹಣಿಗೆಯ ಉಜ್ಜಾಟಕ್ಕೂ ತಾಳದೆ ಹರಿದುಹೋಗುವುದರಿಂದ, ಅದನ್ನು ಮೊದಲು ಬಿಸಿ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಆಮೇಲೆ ಉರುಳೆಗೆ ಸುತ್ತುತ್ತಾರೆ. ಈ ಒಂದು ಕೆಲಸಕ್ಕಾಗಿಯೇ ಈ ಸೀಮೆಯಲ್ಲಿ ಸೈಜಿಂಗ್ ಗಿರಣಿಗಳಿವೆ. ಗಿರಣಿಯ ಗಂಜಿ ಮೆಕ್ಕೆಜೋಳದ ಇಲ್ಲವೆ ಮರಗೆಣಸಿನ ಪಿಷ್ಟದ್ದು. ಗುಂಡಿಮಗ್ಗದ ಕಾಲದಲ್ಲಿ ನೂಲಿಗೆ ಬಳಿಯುತ್ತಿದ್ದದ್ದು ಅಕ್ಕಿಯ ಅಥವಾ ರಾಗಿಯ ಗಂಜಿಯಾಗಿದ್ದು, ಅದನ್ನು ಕುದಿಸುತ್ತಿದ್ದ ಒಲೆಯೂ ಮನೆಯ ಒಲೆಯೇ ಆಗಿದ್ದುದರಿಂದ, ನೂಲಿಗೆ ಎಷ್ಟು, ಹೊಟ್ಟೆಗೆ ಎಷ್ಟು ಎಂಬ ಲೆಕ್ಕ ನೇಕಾರನ ಮನೆಯಲ್ಲಿ ಒಂದೇ ಮೊರದ ಮುಂದೆ ಕುಳಿತು ಹಾಕಬೇಕಾದ ಲೆಕ್ಕವಾಗಿತ್ತು.

ಈ ಗಂಜಿಗೆ ಕನ್ನಡದ ನಂಟೂ ಉಂಟು. ಕೊಯಮತ್ತೂರು ಸೀಮೆಯ ನೇಕಾರ ಕೇರಿಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಮಣ್ಣನ್ನು ನಂಬಿದವರಲ್ಲಿಯೂ ಒಕ್ಕಲಿಗರು, ಅನುಪ್ಪರು ಮೊದಲಾದ ಕನ್ನಡ ಮನೆಮಾತಿನ ಕುಲಗಳಿವೆ. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತು. ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಹಳೆಯ ಚರ್ಚು ಕೂಡ 17ನೆಯ ಶತಮಾನದ ಜೆಸ್ವಿಟರ ಮೈಸೂರು ಮಿಷನ್ನಿನ ನೆನಪನ್ನು ಹೊತ್ತಿದೆ. ಮುಂದೆ ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದುದರಿಂದ ಮುದ್ದೆ, ಅಂಬಲಿ, ಹುರುಳಿಸಾರುಗಳ ನಾಡು ಒಂದು ಗಡಿಗಲ್ಲಿನಿಂದ ಈಚೆಗೆ ಮುಗಿದು ಆಚೆಗೆ ಬೇರೊಂದು ಊಟ ಆರಂಭವಾಗುತ್ತದೆ ಎಂದು ತಿಳಿಯುವುದು ಭೂಪಟ ನೋಡಿ ಅಡುಗೆ ಮಾಡಿದಂತೆ. ಕಳಿ ಎಂದರೂ ಮುದ್ದೆ ಎಂದರೂ ಕೈಗೆ ಹತ್ತುವುದು ಅದೇ ಬಿಸಿ.

ಕಾರ್ಬೋಹೈಡ್ರೇಟು ಎಂದು ಈಗ ಎಲ್ಲರ ಬಾಯಲ್ಲೂ ಇರುವ, ಪಠ್ಯಪುಸ್ತಕಗಳು ಶರ್ಕರಪಿಷ್ಟ ಎಂದು ಕರೆಯುವ ಪದಾರ್ಥವನ್ನು ಅರಿಯಲು ಗಂಜಿ ಬಳಿದ ಹತ್ತಿಯ ಎಳೆಗಿಂತ ಒಳ್ಳೆಯ ಮಾದರಿ ಬೇಡ. ಹತ್ತಿಯ ನಾರು ಬಹುಮಟ್ಟಿಗೆ ಸೆಲ್ಯುಲೋಸ್. ಅದರ ಮೇಲಿನ ಗಂಜಿ ಪಿಷ್ಟ. ಎರಡೂ ಗ್ಲುಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳು ಸಾಲುಗಟ್ಟಿ ಆದವು. ಭೇದವೇನಿದ್ದರೂ ಒಂದು ಅಣು ಇನ್ನೊಂದರ ಕೈಹಿಡಿದ ಬಗೆಯಲ್ಲಿದೆ: ಪಿಷ್ಟದಲ್ಲಿ ಕೊಂಡಿಗಳು ಒಂದು ದಿಕ್ಕಿಗೆ ಬಾಗಿರುವುದರಿಂದ ಸರಪಳಿ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ನೀರನ್ನು ಹೀರಿ ಉಬ್ಬುತ್ತದೆ, ಸೆಲ್ಯುಲೋಸಿನಲ್ಲಿ ಕೊಂಡಿಗಳ ದಿಕ್ಕು ಬೇರೆಯಾದುದರಿಂದ ಸರಪಳಿಗಳು ನೇರವಾಗಿ, ಒತ್ತೊತ್ತಾಗಿ ನಿಂತು, ಕುದಿಯುವ ನೀರಿಗೂ ಜಗ್ಗದ ನಾರಾಗುತ್ತವೆ. ಮನುಷ್ಯನ ಜೊಲ್ಲಿನಲ್ಲಿಯೂ ಮೇದೋಜೀರಕ ಗ್ರಂಥಿಯ ರಸದಲ್ಲಿಯೂ ಇರುವ ಅಮೈಲೇಸ್ ಎಂಬ ಕಿಣ್ವ, ಅಂದರೆ ಒಂದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ಮೊದಲನೆಯ ಬಗೆಯ ಕೊಂಡಿಯನ್ನಷ್ಟೇ ಕಡಿಯಬಲ್ಲದು. ನೇಯ್ದ ಬಟ್ಟೆಗೆ ಬಣ್ಣ ಹಾಕುವ ಮುನ್ನ ಅದರ ಗಂಜಿಯನ್ನು ತೆಗೆಯಲು ಸಂಸ್ಕರಣ ಘಟಕಗಳು ಬಳಸುವುದೂ ಅಮೈಲೇಸನ್ನೇ. ಅದು ಪಿಷ್ಟವನ್ನು ಕರಗಿಸಿ ಹತ್ತಿಗೆ ಏನೂ ಮಾಡದೆ ಬಿಡುತ್ತದೆ. ತವುಡು ಸಹಿತವಾದ ಧಾನ್ಯವನ್ನು ಉಂಡಾಗ ಕರುಳಿನಲ್ಲಿ ನಡೆಯುವುದು ಇದೇ ಕೆಲಸ. ಪಿಷ್ಟ ರಕ್ತಕ್ಕೆ ಸೇರುತ್ತದೆ, ನಾರು ಮುಂದೆ ಸಾಗಿ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರಲ್ಲಿ ತಮಗೆ ದಕ್ಕುವಷ್ಟನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್ ಮೊದಲಾದ ಸಣ್ಣ ಆಮ್ಲಗಳನ್ನು ಹುಟ್ಟಿಸುತ್ತವೆ. ಒಟ್ಟಿನಲ್ಲಿ ಕಾರ್ಬೋಹೈಡ್ರೇಟು ಎಂಬುದು ಒಂದು ಕುಟುಂಬದ ಹೆಸರು. ಸಕ್ಕರೆ, ಪಿಷ್ಟ, ನಾರುಗಳಲ್ಲಿ ಯಾವುದನ್ನು ಕುರಿತದ್ದೆಂದು ಹೇಳದೆ ಇಡೀ ಕುಟುಂಬವನ್ನು ಹೊಗಳುವುದಾಗಲಿ ಬಯ್ಯುವುದಾಗಲಿ ವೃಥಾ ಮಾತು.

ದೇಹಕ್ಕೆ ಇದರಿಂದ ಆಗಬೇಕಾದುದು ಮುಖ್ಯವಾಗಿ ಇಂಧನ. ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ಒದಗುತ್ತದೆ. ಪ್ರೋಟೀನಿನಿಂದಲೂ ಅಷ್ಟೇ, ಕೊಬ್ಬಿನಿಂದ 9. ವಯಸ್ಕರ ಮಿದುಳು ಒಂದೇ ದಿನಕ್ಕೆ ಹತ್ತಿರಹತ್ತಿರ 120 ಗ್ರಾಂ ಗ್ಲುಕೋಸನ್ನು ಬಳಸುತ್ತದೆ, ಆದರೆ ಒಂದು ಗಳಿಗೆಯಲ್ಲಿ ಇಡೀ ರಕ್ತದಲ್ಲಿ ತೇಲುತ್ತಿರುವ ಗ್ಲುಕೋಸ್ 5 ಗ್ರಾಂ ಮಾತ್ರ. ಈ ಅಂತರವನ್ನು ತುಂಬುವುದು ಗ್ಲೈಕೋಜನ್ ಎಂಬ ದಾಸ್ತಾನು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಅದರ ನಾಲ್ಕರಷ್ಟು ಸಂಗ್ರಹವಾಗುವ ಇದನ್ನು ಪ್ರಾಣಿದೇಹದ ಪಿಷ್ಟ ಎಂದರೂ ಸಲ್ಲುತ್ತದೆ. ಯಕೃತ್ತಿನದು ಇಡೀ ಊರಿಗೆ ಹಂಚುವ ಕಣಜ. ಮಾಂಸಖಂಡದ್ದನ್ನು ಆಯಾ ಖಂಡವೇ ಉಣ್ಣಬೇಕು, ನೆರೆಯವರಿಗೆ ಕೊಡಲಾರದು. ಅನ್ನವೇ ಸಿಗದ ದಿನಗಳಲ್ಲಿ ದೇಹ ಪ್ರೋಟೀನಿನಿಂದ ಗ್ಲುಕೋಸನ್ನು ಕಟ್ಟಿಕೊಳ್ಳುತ್ತದೆ, ಕೊಬ್ಬಿನಿಂದ ಮಿದುಳಿಗೆ ಪರ್ಯಾಯ ಇಂಧನವನ್ನು ಒದಗಿಸುತ್ತದೆ. ಆದುದರಿಂದ ಕಾರ್ಬೋಹೈಡ್ರೇಟು ಇಲ್ಲದೆ ಜೀವವೇ ನಿಲ್ಲದು ಎನ್ನುವುದು ಅತಿಶಯೋಕ್ತಿ. ಆದರೆ ಕಟ್ಟಡಕ್ಕೆಂದು ತಂದ ಮರವನ್ನು ಒಲೆಗೆ ಹಾಕುವುದು ಯಾವ ಮನೆಗೂ ಲಾಭವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) 2020ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ವಯಸ್ಕರಿಗೆ ದಿನಕ್ಕೆ 130 ಗ್ರಾಂ ಕಾರ್ಬೋಹೈಡ್ರೇಟನ್ನು ಸೂಚಿಸಿರುವುದರ ಹಿಂದೆ ಮಿದುಳಿನ ಈ ಬೇಡಿಕೆಯ ಲೆಕ್ಕವೇ ಇದೆ. ಈ 130 ಎಂಬ ಅಂಕಿ ಮುಂದೆ ಪಡಿತರದ ಅಕ್ಕಿಯ ಲೆಕ್ಕದಲ್ಲಿ ಮತ್ತೊಮ್ಮೆ ಎದುರಾಗುತ್ತದೆ.

ಕರುಮತ್ತಂಪಟ್ಟಿ ಪಶ್ಚಿಮ ಘಟ್ಟಗಳ ಮಳೆನೆರಳಿನ ನೆಲ. ವರ್ಷದ ಮಳೆ 600ರಿಂದ 700 ಮಿಲಿಮೀಟರಿನ ಆಸುಪಾಸಿನಲ್ಲಿ ಏಳುತ್ತ ಬೀಳುತ್ತ ಇರುತ್ತದೆ. ಇಂಥಲ್ಲಿ ಭತ್ತ ಮುಖ್ಯ ಬೆಳೆಯಾಗುವ ಮಾತಿರಲಿಲ್ಲ. ಕಂಬು ಎಂದು ಇಲ್ಲಿಯವರು ಕರೆಯುವ ಸಜ್ಜೆ, ಜೋಳ, ರಾಗಿ, ಸಾಮೆ, ಇವು ಹೊಲದವು. ಬಾವಿಯ ನೀರು ಏರಿದಷ್ಟು ದೂರ ಬೇರೆ ಬೆಳೆ. ಮೈಸೂರು ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕಂಬು, ಜೋಳಗಳ ಒಣ ಬೇಸಾಯವನ್ನು ಬರೆದಿಟ್ಟಿದ್ದಾನೆ. ಈ ಧಾನ್ಯಗಳ ಊಟ ಕಳಿ, ಕೂಳು, ಜೋಳದ ಸೋರು ಎಂಬ ರೂಪಗಳಲ್ಲಿ, ಅಂದರೆ ಮುದ್ದೆ, ಅಂಬಲಿ, ಜೋಳದ ನುಚ್ಚಿನ ಅನ್ನವಾಗಿ ತಟ್ಟೆಗೆ ಬರುತ್ತಿತ್ತು. ಹಬ್ಬಕ್ಕೆ ಮಾತ್ರ ಅಕ್ಕಿ.

ಕಿರುಧಾನ್ಯಗಳ ಈ ಹಳೆಯ ಊಟವನ್ನು ಈಗ ಹೊಗಳುವವರು, ಅದರ ಹಿಂದಿದ್ದ ಕೈಗಳನ್ನು ಬಹುಬೇಗ ಮರೆಯುತ್ತಾರೆ. ಕಂಬಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ ಸುಮಾರು 5 ಇದೆ. ಕಾಳು ಇಡಿಯಾಗಿರುವಾಗ ಅದಕ್ಕೇನೂ ಆಗದು. ಹಿಟ್ಟಾದ ಕೂಡಲೆ ಕಾಳಿನೊಳಗಿನದೇ ಲೈಪೇಸ್ ಎಂಬ ಕಿಣ್ವ ಆ ಕೊಬ್ಬನ್ನು ಒಡೆಯತೊಡಗಿ ಕೆಲವೇ ದಿನಗಳಲ್ಲಿ ಹಿಟ್ಟು ಕಮಟಿ ಕಹಿಯಾಗುತ್ತದೆ. ಆದುದರಿಂದ ಕಂಬನ್ನು ಆಗಿಂದಾಗ್ಗೆ, ಬೇಕಾದಷ್ಟನ್ನೇ ಒರಳಿಗೆ ಹಾಕಿ ಕುಟ್ಟಬೇಕಿತ್ತು. ಕುಟ್ಟುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ರಾಗಿಯಲ್ಲಿ ಕೊಬ್ಬು ಕಂಬಿನದರ ಮೂರನೆಯ ಒಂದು ಭಾಗದ ಆಸುಪಾಸು, ಕಾಳೂ ಬಹುಕಾಲ ಕೆಡದೆ ಉಳಿಯುವುದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಹುಟ್ಟಿದ ಜಗಳವನ್ನು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಬಗೆಹರಿಸುತ್ತಾನೆ, ಅಲ್ಲಿ ನಡೆದದ್ದು ಪೌಷ್ಟಿಕತೆಯ ಪರೀಕ್ಷೆಯಲ್ಲ, ಬಾಳಿಕೆಯ ಪರೀಕ್ಷೆ. ಆ ಸೆರೆಮನೆಗೆ ಸಜ್ಜೆಯ ಹಿಟ್ಟನ್ನು ಹಾಕಿದ್ದರೆ ತೀರ್ಪಿಗೆ ಆರು ತಿಂಗಳು ಬೇಕಾಗುತ್ತಿರಲಿಲ್ಲ. ಅಂಗಡಿಯ ಕಾಲ ಬಂದಾಗ ಪಾಲಿಶ್ ಮಾಡಿದ ಅಕ್ಕಿ ಗೆದ್ದುದಕ್ಕೆ ಅದರ ಬಿಳುಪು, ಅದರ ಪ್ರತಿಷ್ಠೆಗಳು ಕಾರಣವಾದಂತೆಯೇ, ಕೊಬ್ಬಿರುವ ತವುಡು ಮೊಳಕೆಗಳನ್ನು ಕಳೆದುಕೊಂಡ ಅದು ಮೂಟೆಯಲ್ಲಿ ಕೆಡದೆ ಕೂರುತ್ತದೆಂಬುದೂ, ಒನಕೆಯ ಹಂಗಿಲ್ಲದೆ ನೇರ ಪಾತ್ರೆಗೆ ಬೀಳುತ್ತದೆಂಬುದೂ ಕಾರಣ. ಹೆಂಗಸರ ರಟ್ಟೆಗೆ ಸಿಕ್ಕ ಆ ಬಿಡುವನ್ನು ನಷ್ಟದ ಕಲಮಿನಲ್ಲಿ ಬರೆಯಲಾಗದು.

ಅಕ್ಕಿಯ ಗೆಲುವಿಗೆ ಕೊಯಮತ್ತೂರು ಕೇವಲ ಸಾಕ್ಷಿಯಾಗಿರಲಿಲ್ಲ. ಇಲ್ಲಿನ ಕೃಷಿ ಕಾಲೇಜಿನ ಆವರಣದಲ್ಲಿ 1912ರಲ್ಲಿ ಭತ್ತದ ತಳಿ ಸಂಶೋಧನಾ ಕೇಂದ್ರ ಆರಂಭವಾಗಿ, ಅಲ್ಲಿ ಆಯ್ದ ಜಿಇಬಿ 24 ಎಂಬ ಸಣ್ಣಕ್ಕಿಯ ತಳಿ ಮುಂದಿನ ಅನೇಕ ತಳಿಗಳಿಗೆ ತಾಯಿಯಾಯಿತು. 1955ರ ಸುಮಾರಿನಲ್ಲಿ ಪಿ. ಸಭಾಪತಿಯವರು ಒರಳುಕಲ್ಲಿಗೆ ಮೋಟಾರು ಜೋಡಿಸಿ ರೂಪಿಸಿದ ವೆಟ್ ಗ್ರೈಂಡರು ಇಡ್ಲಿ ದೋಸೆಗಳನ್ನು ದಿನನಿತ್ಯದ ತಿಂಡಿಯಾಗಿಸಿತು. ಕೊಯಮತ್ತೂರಿನ ಗ್ರೈಂಡರಿಗೆ ಇಂದು ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ರಾಜಕೀಯವೂ ಅನ್ನದ ಬೆನ್ನಿಗೆ ನಿಂತಿತು: 1967ರ ಚುನಾವಣೆಯಲ್ಲಿ ಅಣ್ಣಾದುರೈ ಅವರ ಪಕ್ಷ ರೂಪಾಯಿಗೆ ಮೂರು ಪಡಿ ಅಕ್ಕಿಯ ಮಾತಾಡಿತು, ಅಧಿಕಾರಕ್ಕೆ ಬಂದ ಮೇಲೆ ಮಾತು ಒಂದು ಪಡಿಗೆ ಬಂದು ನಿಂತಿತು. 2011ರ ಜೂನ್ 1ರಿಂದ ತಮಿಳುನಾಡಿನ ಪಡಿತರದ ಅಕ್ಕಿ ಉಚಿತವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಮಿಕ್ಸಿ, ಫ್ಯಾನುಗಳ ಜೊತೆ ಗ್ರೈಂಡರನ್ನೂ ಉಚಿತವಾಗಿ ಹಂಚತೊಡಗಿತು. ಅಕ್ಕಿ ಕೊಟ್ಟ ಕೈಯೇ ಅದನ್ನು ರುಬ್ಬುವ ಕಲ್ಲನ್ನೂ ಕೊಟ್ಟ ಉದಾಹರಣೆ ಆಡಳಿತದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಅಕ್ಕಿಯನ್ನು ಉಣ್ಣುವ ಬಗೆಯಲ್ಲಿ ಜೀವ ಉಳಿಸುವ ಮತ್ತು ತೆಗೆಯುವ ವ್ಯತ್ಯಾಸವಿದೆ ಎಂಬುದನ್ನು ಅರಿತ ಪ್ರಯೋಗಾಲಯವೂ ಇಲ್ಲಿಂದ ದೂರದಲ್ಲಿರಲಿಲ್ಲ. ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದರು. ಅದೇ ಬೆಳೆದು ಪೌಷ್ಟಿಕತೆಯ ಸಂಶೋಧನಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಗಿದೆ. ಕಾಲುಗಳ ಸತ್ತ್ವ ಉಡುಗಿ, ಹೃದಯ ಸೋಲುವ ಬೆರಿಬೆರಿಗೆ ಥಯಾಮಿನ್ ಎಂಬ ಬಿ1 ಜೀವಸತ್ತ್ವದ ಕೊರತೆಯೇ ಕಾರಣ. ಗ್ಲುಕೋಸ್ ಅರೆಬರೆ ಒಡೆದು ಪೈರುವೇಟ್ ಎಂಬ ಘಟ್ಟಕ್ಕೆ ಬಂದು, ಅಲ್ಲಿಂದ ಜೀವಕೋಶದ ಪೂರ್ಣ ದಹನದ ಹಾದಿಗೆ ಇಳಿಯಬೇಕಾದರೆ ಥಯಾಮಿನ್ ಬೇಕೇ ಬೇಕು. ಹಾಗಾಗಿ ಅನ್ನ ಹೆಚ್ಚಿದಷ್ಟೂ ಥಯಾಮಿನಿನ ಅಗತ್ಯ ಹೆಚ್ಚುತ್ತದೆ. ಪ್ರಕೃತಿ ಅದನ್ನು ಭತ್ತದಲ್ಲಿಯೇ ಇಟ್ಟಿತ್ತು, ಆದರೆ ತವುಡಿನಲ್ಲಿ ಮತ್ತು ಮೊಳಕೆಯಲ್ಲಿ ಇಟ್ಟಿತ್ತು. ಗಿರಣಿ ಅವೆರಡನ್ನೂ ತೆಗೆದು ದನಕ್ಕೆ ಹಾಕಿತು.

ಮೆಕ್‌ಕ್ಯಾರಿಸನ್‌ರ ಬಳಿಕ 1935ರಲ್ಲಿ ಕೂನೂರಿಗೆ ಬಂದ ಡಬ್ಲ್ಯು. ಆರ್. ಅಯ್ಕ್‌ರಾಯ್ಡ್ ಮತ್ತು ಅವರ ಸಂಗಡಿಗರು ಅಕ್ಕಿಯ ಸಮಸ್ಯೆಯನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, ಅದೇ ಮದರಾಸು ಪ್ರಾಂತದಲ್ಲಿ, ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುವ ಉತ್ತರದ ಆಂಧ್ರ ಕರಾವಳಿಯನ್ನು ಕಾಡಿದ ಬೆರಿಬೆರಿ ಕುಸುಬಲಕ್ಕಿ ಉಣ್ಣುವ ತಮಿಳು ಜಿಲ್ಲೆಗಳಲ್ಲಿ ವಿರಳವಾಗಿರುವುದಕ್ಕೆ ಕಾರಣ ತಿಳಿಯಿತು. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಿಸಿದರೆ ಅದು ಕುಸುಬಲಕ್ಕಿ, ಕರಾವಳಿ ಕನ್ನಡಿಗರ ಕುಚ್ಚಲಕ್ಕಿ, ತಮಿಳರ ಪುಳುಂಗಲ್ ಅರಿಸಿ. ನೆನೆಯುವಾಗ ಮತ್ತು ಬೇಯುವಾಗ ಥಯಾಮಿನ್ ನೀರಿನೊಡನೆ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ, ಒಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿಯಾಗಿ ಕಾಳನ್ನು ಬಿಗಿಯುತ್ತದೆ; ಹೀಗಾಗಿ ಗಿರಣಿ ಉಜ್ಜಿದರೂ ಜೀವಸತ್ತ್ವದ ಬಹುಪಾಲು ಉಳಿಯುತ್ತದೆ, ನುಚ್ಚೂ ಕಡಿಮೆಯಾಗುತ್ತದೆ. ಮಗ್ಗದ ಮನೆಯ ಇಡ್ಲಿ ಹಿಟ್ಟಿಗೆ ಇಂದಿಗೂ ಬೀಳುವುದು ಈ ಅಕ್ಕಿ. ಬೆರಿಬೆರಿಯ ಹೆಸರನ್ನೇ ಕೇಳದವರು ಅದರಿಂದ ಪಾರಾದುದು ಯಾರ ಉಪದೇಶದಿಂದಲೂ ಅಲ್ಲ ಎಂಬುದನ್ನು ಪೌಷ್ಟಿಕ ಆಹಾರದ ಉಪನ್ಯಾಸಕರು ಆಗಾಗ ನೆನೆಯುವುದು ಒಳ್ಳೆಯದು. ಮೆಕ್‌ಕ್ಯಾರಿಸನ್ ಇಲಿಗಳಿಗೆ ಭಾರತದ ಬೇರೆಬೇರೆ ಪ್ರಾಂತಗಳ ಊಟವನ್ನು ಹಾಕಿ, ಪಂಜಾಬಿನ ಊಟದ ಇಲಿಗಳು ದಷ್ಟಪುಷ್ಟವಾಗಿಯೂ ಮದರಾಸಿನ ಊಟದವು ಸೊರಗಿಯೂ ಬೆಳೆದುದನ್ನು ತೋರಿಸಿದ್ದರು. ಅದನ್ನು ಗೋಧಿಗೂ ಅಕ್ಕಿಗೂ ನಡೆದ ಪಂದ್ಯವೆಂದು ಬಗೆಯುವುದು ತಪ್ಪು, ಏಕೆಂದರೆ ಗೆದ್ದ ತಟ್ಟೆಯಲ್ಲಿ ಗೋಧಿಯೊಡನೆ ಹಾಲು, ಬೆಣ್ಣೆ, ಕಾಳು, ಸೊಪ್ಪುಗಳೂ ಇದ್ದವು.

ಪಿಷ್ಟದ ಹಣೆಬರಹವನ್ನು ಅದರ ಜೊತೆಗಾರರು ಬರೆಯುತ್ತಾರೆ. ಆ ಜೊತೆಗಾರರ ಬೆಲೆಯೇ ಈಗಿನ ಮುಖ್ಯ ತೊಡಕು ಎಂಬುದಕ್ಕೆ ಪಡಿತರದ ಚೀಲಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ನಾಲ್ವರ ಸಂಸಾರಕ್ಕೆ ತಿಂಗಳಿಗೆ 20 ಕಿಲೋ ಅಕ್ಕಿ ಎಂದರೆ ತಲೆಗೆ ದಿನಕ್ಕೆ 167 ಗ್ರಾಂ. ಅಕ್ಕಿಯ ತೂಕದಲ್ಲಿ ನೂರಕ್ಕೆ 78ರಷ್ಟು ಕಾರ್ಬೋಹೈಡ್ರೇಟು ಇರುವುದರಿಂದ ಅದು ಬಹುತೇಕ ಸರಿಯಾಗಿ 130 ಗ್ರಾಂ. ಮಿದುಳಿನ ಬೇಡಿಕೆಯಿಂದ ವಿಜ್ಞಾನಿಗಳು ಕಟ್ಟಿದ ಅಂಕಿಯೂ ನ್ಯಾಯಬೆಲೆ ಅಂಗಡಿಯ ತಕ್ಕಡಿಯೂ ಹೀಗೆ ಒಂದೆಡೆ ಬಂದು ನಿಂತದ್ದು ಕಾಕತಾಳೀಯವೇ ಸರಿ. ಅದೇ ಅಂಗಡಿಯಲ್ಲಿ 2007ರಿಂದ ರಿಯಾಯಿತಿ ಬೆಲೆಗೆ ಸಿಗುತ್ತಿರುವ ತೊಗರಿಬೇಳೆ ಕಾರ್ಡಿಗೆ ತಿಂಗಳಿಗೆ ಒಂದು ಕಿಲೋ, ಅಂದರೆ ತಲೆಗೆ ದಿನಕ್ಕೆ 8 ಗ್ರಾಂ. ಸಕ್ಕರೆ ನಾಲ್ವರಿಗೆ 2 ಕಿಲೋ, ಅಂದರೆ ತಲೆಗೆ ದಿನಕ್ಕೆ 17 ಗ್ರಾಂ, ಬೇಳೆಯ ಇಮ್ಮಡಿ. ಉಳಿದ ಬೇಳೆ, ತರಕಾರಿ, ಮೊಸರು, ಎಣ್ಣೆಗಳನ್ನು ಪೇಟೆಯ ದರಕ್ಕೆ ಕೊಳ್ಳಬೇಕಾದಾಗ, ಹೊಟ್ಟೆ ತುಂಬಿಸುವ ಹೊಣೆ ಮತ್ತೆ ಅನ್ನದ ಮೇಲೆಯೇ ಬೀಳುತ್ತದೆ. ಹಸಿವನ್ನು ನೀಗಿದ ಯೋಜನೆಯನ್ನು ಹೀಯಾಳಿಸಲು ಈ ಲೆಕ್ಕ ಹಾಕಿದ್ದಲ್ಲ. ಹಸಿವು ನೀಗಿದ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ, ಅದಕ್ಕೆ ತಕ್ಕಡಿ ಇನ್ನೂ ಉತ್ತರ ಕೊಟ್ಟಿಲ್ಲ ಎಂದಷ್ಟೇ ಇದರ ತಾತ್ಪರ್ಯ.

ಸಕ್ಕರೆಯ ವಿಷಯದಲ್ಲಿ ಕೊಯಮತ್ತೂರಿನ ಋಣ ಇಡೀ ದೇಶದ ಮೇಲಿದೆ. 1912ರಲ್ಲಿ ಇಲ್ಲಿ ಸ್ಥಾಪನೆಯಾದ ಕಬ್ಬು ತಳಿ ಸಂಶೋಧನಾ ಸಂಸ್ಥೆಯಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಸಿಹಿಯಾದ ದಪ್ಪ ಕಬ್ಬನ್ನು ಗಟ್ಟಿಮುಟ್ಟಾದ ಕಾಡು ಜಾತಿಯೊಡನೆ ಕೂಡಿಸಿ 1918ರ ವೇಳೆಗೆ ಕೊ 205 ತಳಿಯನ್ನು ಉತ್ತರದ ಹೊಲಗಳಿಗೆ ಕಳಿಸಿದರು. ಮುಂದೆ ಕೊ 419 ದಖ್ಖನ್ನಿನಲ್ಲಿಯೂ ಕರ್ನಾಟಕದ ಕಬ್ಬಿನ ಗದ್ದೆಗಳಲ್ಲಿಯೂ ಬಹುಕಾಲ ಮೆರೆಯಿತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೆಲಕಾಲ ದುಡಿದದ್ದೂ ಇಲ್ಲಿಯೇ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಒಂದು ಗ್ಲುಕೋಸ್ ಮತ್ತು ಒಂದು ಫ್ರಕ್ಟೋಸ್ ಸೇರಿದ ಜೋಡಿ. ಗ್ಲುಕೋಸ್ ಎಲ್ಲ ಜೀವಕೋಶಗಳಿಗೂ ಹೋದರೆ ಫ್ರಕ್ಟೋಸಿನ ಬಹುಪಾಲನ್ನು ಯಕೃತ್ತೇ ಎದುರಿಸಬೇಕಾಗುತ್ತದೆ. ಈರೋಡಿನ ಕವುಂದಪ್ಪಾಡಿಯ ನಾಟ್ಟು ಸರ್ಕರೆ ಎಂಬ ಕಂದು ಬೆಲ್ಲದ ಪುಡಿ ಪಳನಿಯ ಪಂಚಾಮೃತಕ್ಕೂ ಹೋಗುತ್ತದೆ. ಅದರಲ್ಲಿ ಕೊಂಚ ಖನಿಜಾಂಶ ಇದೆ, ಒಳ್ಳೆಯ ಪರಿಮಳ ಇದೆ. ಆದರೆ ಅದೂ ಬಹುಮಟ್ಟಿಗೆ ಸುಕ್ರೋಸೇ ಆದುದರಿಂದ, ಬೆಲ್ಲದ ಕಾಫಿ ಕುಡಿದೆನೆಂದು ಮಧುಮೇಹಿಯು ನಿಶ್ಚಿಂತನಾಗುವುದಕ್ಕೆ ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಶಕ್ತಿಯ ನೂರಕ್ಕೆ 10ನ್ನು ಮೀರಬಾರದು, 5ಕ್ಕೆ ಇಳಿದರೆ ಮತ್ತೂ ಒಳ್ಳೆಯದು ಎಂದಿತು. 2,000 ಕಿಲೋಕ್ಯಾಲೊರಿಯ ಊಟದಲ್ಲಿ ಅದು ಕ್ರಮವಾಗಿ 50 ಮತ್ತು 25 ಗ್ರಾಂ. ಹೆದ್ದಾರಿಯ ಬೇಕರಿಗಳಲ್ಲಿ ಒಂದು ಲೋಟ ಚಹಾಕ್ಕೆ ಎರಡು ಚಮಚ ಸಕ್ಕರೆ ಬಿದ್ದರೆ ಮೂರನೆಯ ಲೋಟದಲ್ಲಿಯೇ ಚಿಕ್ಕ ಮಿತಿ ಮುಗಿಯುತ್ತದೆ, ಬನ್ನು ಬಿಸ್ಕತ್ತುಗಳ ಲೆಕ್ಕ ಬೇರೆ.

ಚಹಾ ಅಷ್ಟು ಬೇಕಾಗುವುದಕ್ಕೂ ಮಗ್ಗವೇ ಕಾರಣ. ಗುಂಡಿಮಗ್ಗದಲ್ಲಿ ಕಾಲು ತುಳಿಯುತ್ತಿತ್ತು, ಒಂದು ಕೈ ಲಾಳಿಯನ್ನು ಎಸೆಯುತ್ತಿತ್ತು, ಇನ್ನೊಂದು ಹಣಿಗೆಯನ್ನು ಬಡಿಯುತ್ತಿತ್ತು. ವಿದ್ಯುತ್ ಮಗ್ಗದಲ್ಲಿ ಇವೆಲ್ಲ ಮೋಟಾರಿನ ಪಾಲು, ಕೆಲಸಗಾರನಿಗೆ ಉಳಿದದ್ದು ಹಲವು ಮಗ್ಗಗಳ ನಡುವೆ ನಿಂತು, ನಡೆದು, ಹರಿದ ಎಳೆಯನ್ನು ಕಟ್ಟುತ್ತ, ಕಿವಿಗಡಚಿಕ್ಕುವ ಸದ್ದಿನಲ್ಲಿ ಎಚ್ಚರವಾಗಿರುವುದು. ದಣಿವು ಕಡಿಮೆಯಾಗಲಿಲ್ಲ, ದಣಿವಿನ ಜಾತಿ ಬದಲಾಯಿತು. ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಗ್ಲುಕೋಸನ್ನು ಒಳಗೆಳೆದುಕೊಳ್ಳುತ್ತದೆ, ತನ್ನ ಗ್ಲೈಕೋಜನ್ ಬರಿದಾದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ. ನಿಂತು ನೋಡುವ ದೇಹದಲ್ಲಿ ಆ ಕಣಜ ಬರಿದಾಗುವುದೇ ಇಲ್ಲವಾದುದರಿಂದ, ಮುಂದಿನ ಊಟದ ಪಿಷ್ಟಕ್ಕೆ ಜಾಗ ಸಿಗದೆ ಅದು ಕೊಬ್ಬಿನ ರೂಪ ತಾಳುತ್ತದೆ. ರಾತ್ರಿ ಪಾಳಿಯ ಪಾಡು ಇನ್ನೂ ಕಷ್ಟದ್ದು. ದೇಹದ ಒಳಗಡಿಯಾರ ರಾತ್ರಿ ಹೊತ್ತಿನಲ್ಲಿ ಇನ್ಸುಲಿನ್ನಿನ ಚುರುಕನ್ನು ಕುಗ್ಗಿಸುವುದರಿಂದ, ಬೆಳಿಗ್ಗೆ ಉಂಡರೆ ಸುಲಭವಾಗಿ ಅರಗುವ ಅದೇ ಅನ್ನ ನಡುರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸಿ ಹೆಚ್ಚು ಹೊತ್ತು ನಿಲ್ಲಿಸುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಅಧ್ಯಯನದ ಆಹಾರದ ಭಾಗ ಭಾರತೀಯರ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಕಾರ್ಬೋಹೈಡ್ರೇಟಿನಿಂದ, ಅದರಲ್ಲಿಯೂ ಬಿಳಿ ಅಕ್ಕಿ, ನುಣ್ಣನೆಯ ಹಿಟ್ಟು ಮತ್ತು ಸಕ್ಕರೆಗಳಿಂದ ಬರುತ್ತದೆಂದು ತೋರಿಸಿದೆ.

ಈ ಅಂಕಿಗಳನ್ನು ಓದಿದವರು ಅನ್ನವನ್ನು ಬಿಡಿ ಎಂದು ಬೋಧಿಸುವುದು ಸುಲಭ. ಕೂಲಿ ಲೆಕ್ಕದಲ್ಲಿ ಬದುಕುವವನಿಗೆ ಹಾಗೆಂದರೆ, ಅಗ್ಗದ ಕ್ಯಾಲೊರಿಯ ಬದಲು ದುಬಾರಿ ಕ್ಯಾಲೊರಿಯನ್ನು ಕೊಳ್ಳಿ ಎಂದಂತೆಯೇ ಆಗುತ್ತದೆ. ಆ ಉಪದೇಶದ ಖರ್ಚನ್ನು ಉಪದೇಶಕರು ಕೊಡುವುದಿಲ್ಲ. ಅನ್ನವನ್ನು ಬಿಡದೆ ಅದಕ್ಕೆ ತಕ್ಕ ಸಂಗಾತವನ್ನು ಒದಗಿಸುವ ಉಪಾಯ ಕೊಯಮತ್ತೂರನ್ನೂ ಒಳಗೊಂಡ ಕೊಂಗು ಸೀಮೆಯ ಅಡುಗೆಯಲ್ಲಿ ಹಿಂದಿನಿಂದಲೂ ಇದೆ. ಅರಿಸಿ ಪರುಪ್ಪು ಸಾದವೆಂಬ, ಅಕ್ಕಿಯನ್ನೂ ತೊಗರಿಬೇಳೆಯನ್ನೂ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆಯಲ್ಲಿ ಒಟ್ಟಿಗೆ ಬೇಯಿಸುವ ಅನ್ನದಲ್ಲಿ ಅಕ್ಕಿಗೆ ಕೊರತೆಯಾದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆಯೂ, ಬೇಳೆಗೆ ಕೊರತೆಯಾದ ಮೆಥಿಯೋನಿನನ್ನು ಅಕ್ಕಿಯೂ ತುಂಬಿಕೊಡುತ್ತವೆ. ಪ್ರೋಟೀನು ಮತ್ತು ಕೊಬ್ಬು ಜೊತೆಗಿದ್ದಾಗ ಜಠರ ನಿಧಾನವಾಗಿ ಬರಿದಾಗುವುದರಿಂದ ಪಿಷ್ಟ ಒಮ್ಮೆಲೆ ರಕ್ತಕ್ಕೆ ನುಗ್ಗುವುದೂ ತಪ್ಪುತ್ತದೆ. ಹುರುಳಿಯ ಪರುಪ್ಪು, ಹುರುಳಿಯ ರಸಂ ಈ ಸೀಮೆಯ ಹೆಗ್ಗಳಿಕೆ. ಮೈಸೂರು ಕಡೆಯ ಹುರುಳಿ ಬಸ್ಸಾರಿನ ಮನೆಯವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ.

ಒಂದು ಆಹಾರದ ಪಿಷ್ಟ ಎಷ್ಟು ಬೇಗ ರಕ್ತದ ಸಕ್ಕರೆಯಾಗುತ್ತದೆಂಬುದನ್ನು ಗ್ಲುಕೋಸಿಗೆ ಹೋಲಿಸಿ ಹೇಳುವ ಗ್ಲೈಸೀಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಅದರ ದೃಷ್ಟಿಯಿಂದ ನೋಡಿದರೆ ಧಾನ್ಯದ ಹೆಸರಿಗಿಂತ ಧಾನ್ಯ ಪಟ್ಟ ಪಾಡು ಮುಖ್ಯ. ಅದೇ ಕಾಳು ಇಡಿಯಾಗಿ ಬೆಂದರೆ ನಿಧಾನ, ರವೆಯಾದರೆ ಬೇಗ, ನುಣ್ಣನೆಯ ಹಿಟ್ಟಾಗಿ ತೆಳ್ಳಗೆ ಕುದಿದರೆ ಮತ್ತೂ ಬೇಗ. ಕಿರುಧಾನ್ಯ ಎಂಬ ಬಿರುದು ಹೊತ್ತ ಪೊಟ್ಟಣದ ಬಿಸ್ಕತ್ತಿಗೆ ಈ ನಿಯಮದಿಂದ ವಿನಾಯಿತಿ ಇಲ್ಲ. ಬೆಂದ ಅನ್ನ ಆರಿ ತಣ್ಣಗಾದಾಗ ಪಿಷ್ಟದ ಸರಪಳಿಗಳಲ್ಲಿ ಕೆಲವು ಮತ್ತೆ ಒತ್ತಾಗಿ ಜೋಡಣೆಗೊಂಡು ಅಮೈಲೇಸಿಗೆ ಎಟುಕದಂತಾಗುತ್ತವೆ. ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಸಣ್ಣ ಈರುಳ್ಳಿಗಳೊಡನೆ ಉಣ್ಣುವ ತಂಗಳನ್ನದಲ್ಲಿ ಇಂಥ ಜೀರ್ಣವಾಗದ ಪಿಷ್ಟ ತುಸು ಹೆಚ್ಚಿರುತ್ತದೆ. ತುಸು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ತಂಗಳನ್ನವನ್ನು ಸರ್ವರೋಗ ಪರಿಹಾರಕವೆಂದು ಸಾರುವ ಹೊಸ ಭಕ್ತರು ಅದರ ಪಾತ್ರೆಯ ಗಾತ್ರವನ್ನು ಹೇಳುವುದಿಲ್ಲ. ಪಿಷ್ಟವನ್ನು ಹೆಚ್ಚು ಉಣ್ಣುತ್ತ ಬಂದ ಜನಾಂಗಗಳಲ್ಲಿ ಜೊಲ್ಲಿನ ಅಮೈಲೇಸಿನ ಜೀನು ಹೆಚ್ಚು ಪ್ರತಿಗಳಲ್ಲಿ ಇರುತ್ತದೆಂದು 2007ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ಮನುಷ್ಯ ಧಾನ್ಯವನ್ನು ಒಗ್ಗಿಸಿಕೊಂಡಂತೆ ಧಾನ್ಯವೂ ಮನುಷ್ಯನನ್ನು ಒಗ್ಗಿಸಿಕೊಂಡಿದೆ. ಆದರೆ ಆ ಹೊಂದಾಣಿಕೆಗೆ ಸಾವಿರಾರು ವರ್ಷ ಹಿಡಿಯಿತು, ಕೈಮಗ್ಗ ವಿದ್ಯುತ್ ಮಗ್ಗವಾಗಲು ಒಂದೆರಡು ತಲೆಮಾರು ಸಾಕಾಯಿತು.

ಕರುಮತ್ತಂಪಟ್ಟಿಯ ಸುತ್ತಿನ ಹೊಲಗಳಲ್ಲಿ ಜೋಳ ಈಗಲೂ ಏಳುತ್ತದೆ, ಆದರೆ ಹೆಚ್ಚಾಗಿ ದನದ ಮೇವಿಗಾಗಿ. ಹಿಂದೆ ಕಾಳಿನ ಜೊತೆ ಸಿಗುತ್ತಿದ್ದ ದಂಟೇ ಇಂದು ಬೆಳೆಯ ಗುರಿ. ತಿರುಪ್ಪೂರು ಜಿಲ್ಲೆಯ ಪಲ್ಲಡಂ ಮಾಂಸದ ಕೋಳಿಯ ದೊಡ್ಡ ನೆಲೆಯಾದುದರಿಂದ ಮೆಕ್ಕೆಜೋಳ ಮೂಟೆಮೂಟೆಯಾಗಿ ಅಲ್ಲಿಗೆ ಹೋಗಿ ಕೋಳಿಯ ಮೇವಾಗುತ್ತದೆ. ಮೊಟ್ಟೆಯ ಕೋಳಿಗಳ ಊರಾದ ನಾಮಕ್ಕಲ್ಲಿನಲ್ಲಿಯೂ ಹೀಗೆಯೇ. ಮನುಷ್ಯ ನೇರವಾಗಿ ಉಂಡಿದ್ದರೆ ದಕ್ಕುತ್ತಿದ್ದ ಕ್ಯಾಲೊರಿಯ ಬಹುಭಾಗ ಈ ಸುತ್ತುದಾರಿಯಲ್ಲಿ ಕೋಳಿಯ ಬದುಕಿಗೇ ಖರ್ಚಾಗುತ್ತದೆಂದು ಲೆಕ್ಕಿಗರು ಆಕ್ಷೇಪಿಸುವುದು ಸರಿಯೇ. ಆದರೆ ಕ್ಯಾಲೊರಿ ಸಾಕಷ್ಟಿದ್ದು ಪ್ರೋಟೀನು ಸಾಲದಿರುವ ಮನೆಯಲ್ಲಿ ಆ ಆಕ್ಷೇಪದ ತೂಕ ಕುಗ್ಗುತ್ತದೆ: ತಮಿಳುನಾಡಿನ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಮಗುವಿಗೆ ವಾರಕ್ಕೆ ಐದು ಮೊಟ್ಟೆಗಳು ಸಿಗುತ್ತವೆ, ಒಂದೊಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಪಡಿತರದ ಬೇಳೆಯಿಂದ ಅದೇ ಮಗುವಿನ ಪಾಲಿಗೆ ಬರುವುದು ದಿನಕ್ಕೆ 2 ಗ್ರಾಂ ಕೂಡ ಅಲ್ಲ.